ಮನೆ ಬಿಡಬೇಕಾದವರು ಯಾರು?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಆದರೆ ಈ ಗಾದೆ ಆಡುವ ಮಾತಿಗಿಂತ ಆಡದೆ ಬಿಟ್ಟ ಮಾತೇ ಹೆಚ್ಚು. ಉಣಬಡಿಸುವವರು ಯಾರು, ಉಂಡ ಮೇಲೆ ಮಲಗಲು ಅಂಜುವವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಜಗಳವೆಂದರೆ ಇಬ್ಬರು ಸರಿಸಮನಾಗಿ ಆಡುವಂಥದು. ಒಬ್ಬರು ಹೊಡೆದು ಇನ್ನೊಬ್ಬರು ಹೊಡೆಸಿಕೊಳ್ಳುವುದಕ್ಕೆ ಆ ಹೆಸರು ಸಲ್ಲದು. ಹಾಗಿದ್ದೂ ಅದಕ್ಕೆ ಬೇರೊಂದು ಹೆಸರನ್ನು ಹುಡುಕುವ ಗೋಜಿಗೆ ಹೋಗದೆ, ಎಲ್ಲವನ್ನೂ ಈ ಒಂದೇ ಗಾದೆಯ ಮರೆಯಲ್ಲಿ ಇಟ್ಟುಕೊಂಡು ಬಂದಿದ್ದೇವೆ.

ನಾನು ಚಿಕ್ಕವನಾಗಿದ್ದಾಗ ನಮ್ಮ ಕೇರಿಯ ಒಬ್ಬ ಹೆಂಗಸು ಆಗಾಗ ರಾತ್ರಿ ಹೊತ್ತು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಸೊಂಟದ ಮೇಲೊಂದು ಕೂಸು, ಬಾಯಿಗೆ ಸೆರಗು. ನಮ್ಮ ಅಜ್ಜಿ ಏನನ್ನೂ ಕೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮಗ್ಗುಲಿಗೆ ಚಾಪೆ ಹಾಸಿ, ಕೂಸಿಗೆ ಹಾಲು, ತಾಯಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ದೀಪ ಸಣ್ಣಗೆ ಮಾಡುತ್ತಿದ್ದಳು. ಬೆಳಗಾದರೆ ಜಗಲಿಯ ಮೇಲೆ ಕೇರಿಯ ಹಿರಿಯರು ಸೇರುತ್ತಿದ್ದರು. ಗಂಡನನ್ನು ಕರೆಸಿ ಬುದ್ಧಿ ಹೇಳುತ್ತಿದ್ದರು. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಕೊನೆಗೆ ಹೆಂಡತಿಯನ್ನು ಅವನ ಹಿಂದೆ ಕಳಿಸಿಕೊಡುತ್ತಿದ್ದರು. ಆ ಹಿರಿಯರು ಕೆಟ್ಟವರಲ್ಲ. ಇವಳನ್ನು ತವರಿಗೆ ಕಳಿಸಬೇಕೆ, ಗಂಡನ ಮನೆಗೇ ಕಳಿಸಬೇಕೆ ಎಂದು ಬಿಸಿಲೇರುವ ತನಕ ಮಾತಾಡುತ್ತಿದ್ದರು. ಗಂಡನೇ ನಾಲ್ಕು ದಿನ ಬೇರೆಲ್ಲಾದರೂ ಇರಲಿ ಎಂಬ ಮಾತು ಮಾತ್ರ ಆ ಜಗಲಿಯಲ್ಲಿ ಒಮ್ಮೆಯೂ ಬಂದದ್ದು ನನಗೆ ನೆನಪಿಲ್ಲ.

ಮನೆಯೊಳಗೆ ಹೊಡೆತ ಬಿದ್ದಾಗ ಮನೆ ಬಿಡಬೇಕಾದವರು ಯಾರು ಎಂಬ ಪ್ರಶ್ನೆ ನಮ್ಮ ಕೇರಿಯ ಹಿರಿಯರಿಗೆ ಮಾತ್ರ ಹೊಳೆಯದೆ ಹೋದದ್ದಲ್ಲ. ದೊಡ್ಡ ದೊಡ್ಡ ಶಾಸನಸಭೆಗಳಿಗೂ ನ್ಯಾಯಪೀಠಗಳಿಗೂ ಅದು ಬಹಳ ಕಾಲ ಹೊಳೆದಿರಲಿಲ್ಲ. ಹೊಳೆದ ಬಗೆಯೇ ಒಂದು ಚರಿತ್ರೆ. ಅದರ ಮೊದಲ ಪುಟಗಳು ಇಂಗ್ಲೆಂಡಿನಲ್ಲಿವೆ. ಅಲ್ಲಿನ ಕಾನೂನೇ ನಮ್ಮ ನ್ಯಾಯಾಲಯಗಳಿಗೂ ಹರಿದುಬಂದದ್ದರಿಂದ ಆ ಪುಟಗಳು ನಮಗೆ ತೀರ ಪರಕೀಯವೂ ಅಲ್ಲ.

1878ರಲ್ಲಿ ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿ ಲಂಡನ್ನಿನ ‘ಕಂಟೆಂಪರರಿ ರಿವ್ಯೂ’ ಪತ್ರಿಕೆಯಲ್ಲಿ ಇಂಗ್ಲೆಂಡಿನಲ್ಲಿ ಹೆಂಡಿರಿಗೆ ಆಗುತ್ತಿದ್ದ ಚಿತ್ರಹಿಂಸೆಯನ್ನು ಕುರಿತು ಒಂದು ಲೇಖನ ಬರೆದಳು. ಹುಟ್ಟಿನಿಂದ ಐರಿಷ್ ಹೆಂಗಸು, ಮದುವೆಯಾದವಳಲ್ಲ. ಹೆಂಡತಿಯನ್ನು ಹೊಡೆಯುವುದು ನಗೆಪಾಟಲಿನ ವಿಷಯವಾಗಿದ್ದ ಕಾಲದಲ್ಲಿ ಆಕೆ ನ್ಯಾಯಾಲಯದ ವರದಿಗಳನ್ನು ಒಂದೊಂದಾಗಿ ಎದುರಿಗಿಟ್ಟಳು. ಲಿವರ್‌ಪೂಲಿನಲ್ಲಿ ಒದೆತಕ್ಕೇ ಹೆಸರಾದ ಒಂದು ವಠಾರವಿತ್ತೆಂಬುದನ್ನು ಓದುಗರಿಗೆ ನೆನಪಿಸಿದಳು. ಅದಕ್ಕಿಂತ ಮುಖ್ಯವಾಗಿ ಆಕೆ ಕಂಡದ್ದು ಶಿಕ್ಷೆಯ ವ್ಯರ್ಥತೆಯನ್ನು. ದಂಡ ಹಾಕಿದರೆ ಆ ಹಣ ಹೋಗುವುದು ಅದೇ ಮನೆಯ ರೊಟ್ಟಿಯಿಂದ. ಸೆರೆಗೆ ಹಾಕಿದರೆ ಅವನು ಹೊರಬಂದು ಸೇರುವುದು ಅದೇ ಮನೆಗೆ, ದೂರು ಕೊಟ್ಟವಳ ಬಳಿಗೇ. ಹಾಗಾದರೆ ಬೇಕಾದದ್ದು ಶಿಕ್ಷೆಯಲ್ಲ, ಅಗಲಿಕೆ ಎಂದು ಆಕೆ ವಾದಿಸಿದಳು. ಅದೇ ವರ್ಷ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಹೆಂಡತಿಯ ಮೇಲೆ ಘೋರವಾಗಿ ಕೈಮಾಡಿ ಅಪರಾಧಿಯೆಂದು ತೀರ್ಮಾನವಾದ ಗಂಡನ ಜೊತೆ ಅವಳು ಇನ್ನು ಬಾಳಬೇಕಾದ್ದಿಲ್ಲ ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದಾಯಿತು. ಅವನು ಜೀವನಾಂಶ ಕೊಡಬೇಕು; ಹತ್ತು ವರ್ಷದೊಳಗಿನ ಮಕ್ಕಳನ್ನು ಅವಳ ವಶಕ್ಕೆ ಒಪ್ಪಿಸಬಹುದು.

ದೊಡ್ಡ ಹೆಜ್ಜೆಯೇ ಸರಿ. ಆದರೂ ಗಮನಿಸಿ: ಅಗಲಬಹುದು ಎಂದಿತು ಕಾನೂನು, ಅಗಲಿ ಹೋಗುವುದೆಲ್ಲಿಗೆ ಎಂದು ಹೇಳಲಿಲ್ಲ. ಮನೆ ಗಂಡನದು. ಅವಳಿಗೆ ಸಿಕ್ಕಿದ್ದು ಹೊಸಿಲು ದಾಟುವ ಅನುಮತಿ ಮಾತ್ರ.

ಆ ಅನುಮತಿಯೂ ಇಲ್ಲದ ಕಡೆ ಏನಾಗುತ್ತಿತ್ತೆಂಬುದನ್ನು ನೋಡಲು ಮುಂಬಯಿಗೆ ಬರಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿ, ಎಂದೂ ಗಂಡನ ಮನೆಯಲ್ಲಿ ಬಾಳದ ರುಖ್ಮಾಬಾಯಿ ಎಂಬ ತರುಣಿಯ ಮೇಲೆ 1884ರಲ್ಲಿ ಗಂಡ ದಾವೆ ಹೂಡಿದ. ದಾಂಪತ್ಯದ ಹಕ್ಕನ್ನು ಮರಳಿ ಕೊಡಿಸಬೇಕೆಂಬ ಈ ಬಗೆಯ ದಾವೆ ಹಿಂದೂ ಧರ್ಮಶಾಸ್ತ್ರದಿಂದ ಬಂದದ್ದಲ್ಲ, ಇಂಗ್ಲಿಷರ ಕಾನೂನಿನಿಂದ ಬಂದದ್ದು. 1887ರ ಮಾರ್ಚಿಯಲ್ಲಿ ಮುಂಬಯಿಯ ಹೈಕೋರ್ಟು, ತಿಂಗಳೊಳಗೆ ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಸೆರೆ ಎಂದು ತೀರ್ಪಿತ್ತಿತು. ಸೆರೆಯೇ ಆಗಲಿ ಎಂದಳು ರುಖ್ಮಾಬಾಯಿ. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ಗಂಡ ರಾಜಿಯಾದ. ಆಕೆ ಮುಂದೆ ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಬಂದಳು. ಒಂದು ಸೂಕ್ಷ್ಮವನ್ನು ಇಲ್ಲಿ ಹೇಳದೆ ಇರಲಾರೆ. ಆಕೆಯ ಮೇಲೆ ದಾವೆ ಬಿದ್ದ 1884ರಲ್ಲಿಯೇ ಇಂಗ್ಲೆಂಡಿನಲ್ಲಿ ಈ ಕಾರಣಕ್ಕಾಗಿ ಸೆರೆಗೆ ಹಾಕುವುದನ್ನು ತೆಗೆದುಹಾಕಿದ್ದರು. ತಮ್ಮ ಮನೆಯಲ್ಲಿ ಬೇಡವೆಂದು ಎಸೆದ ಬೀಗವನ್ನು ನಮ್ಮ ಮನೆಗೆ ಹಾಕಿ ಹೋಗಿದ್ದರೆಂದಾಯಿತು.

ಹೊಸಿಲು ದಾಟಿದ ಹೆಂಗಸಿಗೆ ಒಂದು ಸೂರು ಎಂಬ ಯೋಚನೆಯನ್ನು ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದವಳು ನಮ್ಮ ನೆಲದವಳೇ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. 1889ರಲ್ಲಿ ಮುಂಬಯಿಯಲ್ಲಿ ಆಕೆ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅದು ಮುಖ್ಯವಾಗಿ ವಿಧವೆಯರ ಮನೆ. ಆದರೆ ತಲೆ ಬೋಳಿಸಿ ಮೂಲೆಗೆ ಕೂರಿಸುವುದು, ಅರೆಹೊಟ್ಟೆಗೆ ಇಕ್ಕುವುದು, ಶಾಪ ಹಾಕಿ ಹೊಡೆಯುವುದು ಮನೆಯೊಳಗಿನ ಹಿಂಸೆಯಲ್ಲದೆ ಮತ್ತೇನು? ಅಲ್ಲಿ ಮೊದಲಿಗೆ ಬಂದು ಸೇರಿದವರಲ್ಲಿ ಒಬ್ಬಳಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದದ್ದು ಪ್ರಸಿದ್ಧವಾಗಿದೆ. ಅದೇ ವರ್ಷ ಸದನದ ಮೇಲೆ ಬಿರುಗಾಳಿಯೂ ಎದ್ದಿತು. ಕ್ರೈಸ್ತಳಾಗಿದ್ದ ರಮಾಬಾಯಿಯ ಪ್ರಾರ್ಥನೆಗೆ ಹುಡುಗಿಯರು ಹೋಗುತ್ತಾರೆಂಬುದು ಆಕ್ಷೇಪ. ರಾನಡೆ, ಭಂಡಾರ್ಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯನ್ನು ಬಿಟ್ಟರು. ಹಲವು ಪೋಷಕರು ಹುಡುಗಿಯರನ್ನು ಕರೆದೊಯ್ದರು. ಯಾರದು ಸರಿ ಯಾರದು ತಪ್ಪು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದನ್ನು ನಾನು ಇಲ್ಲಿ ಕೆದಕುವುದಿಲ್ಲ. ಆದರೆ ಆಶ್ರಯ ಕೊಟ್ಟವರು ಆಶ್ರಯ ಪಡೆದವರಿಂದ ಪ್ರತಿಯಾಗಿ ಏನನ್ನಾದರೂ ಬಯಸಬಹುದೆ ಎಂಬ ಪ್ರಶ್ನೆ ಅಂದು ಎದ್ದದ್ದು ಸುಳ್ಳಲ್ಲ.

ಕನ್ನಡದ ಓದುಗರಿಗೆ ಇದೇ ಕಾಲದ ಇನ್ನೊಂದು ಮನೆ ನೆನಪಾಗಬೇಕು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ನಮ್ಮ ಮೊದಲ ಸಾಮಾಜಿಕ ಕಾದಂಬರಿ ಎಂದು ಪಾಠದಲ್ಲಿ ಓದಿದ್ದೇವೆ. ಅದರ ಕಥೆ ತಿರುಗಿ ನಿಲ್ಲುವುದು ಎಲ್ಲಿ? ಬಾಲವಿಧವೆಯೊಬ್ಬಳು ಹೆತ್ತವರ ಮನೆಯಿಂದಲೇ ತಪ್ಪಿಸಿಕೊಂಡು ಬಂದು ಅಮೃತರಾಯನ ಮನೆಯ ಆಶ್ರಯ ಪಡೆಯುವಲ್ಲಿ. ನಮ್ಮ ಸಾಮಾಜಿಕ ಕಾದಂಬರಿಯ ಹುಟ್ಟಿನಲ್ಲಿಯೇ ಮನೆ ಬಿಟ್ಟ ಹೆಣ್ಣಿಗೆ ತೆರೆದ ಒಂದು ಬಾಗಿಲಿದೆ. ಅದು ಒಬ್ಬ ದೊಡ್ಡ ಮನುಷ್ಯನ ಮನೆಯ ಬಾಗಿಲು ಎಂಬುದನ್ನೂ ಮರೆಯಬಾರದು. ಅಮೃತರಾಯನಿಲ್ಲದ ಊರಿನಲ್ಲಿ ಇಂದಿರೆಯ ಗತಿ ಏನು?

ಆ ಉತ್ತರಕ್ಕೆ ಮತ್ತೆ ಇಂಗ್ಲೆಂಡಿಗೆ, ಸುಮಾರು ಎಪ್ಪತ್ತು ವರ್ಷ ಮುಂದಕ್ಕೆ ಹೋಗಬೇಕು. 1971ನೆಯ ಇಸವಿ. ಪಶ್ಚಿಮ ಲಂಡನ್ನಿನ ಚಿಸ್‌ವಿಕ್ ಎಂಬಲ್ಲಿ ಬೆಲ್ಮಾಂಟ್ ಟೆರೇಸ್ ಎಂಬ ಸಣ್ಣ ಬೀದಿ. ಅದರ 2ನೆಯ ನಂಬರಿನ ಮನೆ ಹಳತು, ಇಕ್ಕಟ್ಟು. ಕೆಳಗೆರಡು ಮೇಲೆರಡು ಕೋಣೆ. ಅದನ್ನು ಅಲ್ಲಿನ ಪುರಸಭೆಯಿಂದ ಕೇಳಿ ಪಡೆದವರು ಎರಿನ್ ಪಿಝೀ ಎಂಬ ಗೃಹಿಣಿ ಮತ್ತು ಆಕೆಯ ಗೆಳತಿಯರು. ಅವರ ಉದ್ದೇಶ ತೀರ ಸಾದಾ: ಎಳೆ ಮಕ್ಕಳನ್ನು ಕಟ್ಟಿಕೊಂಡು ಮನೆಯಲ್ಲೇ ಇರುವ ತಾಯಂದಿರು ಹಗಲಲ್ಲಿ ಕೂಡಿ ಒಂದು ಲೋಟ ಚಹಾ ಕುಡಿಯಲಿ, ಕಷ್ಟ ಸುಖ ಮಾತಾಡಿಕೊಳ್ಳಲಿ, ಸರ್ಕಾರದಿಂದ ಬರಬೇಕಾದ ನೆರವಿನ ಕಾಗದಗಳನ್ನು ಒಬ್ಬರಿಗೊಬ್ಬರು ತುಂಬಿಕೊಡಲಿ. ಯಾರೂ ಆಶ್ರಯಧಾಮ ತೆರೆಯಲು ಹೊರಟಿರಲಿಲ್ಲ. ಬಹಳ ಬೇಗ ಒಬ್ಬ ಹೆಂಗಸು ಬಂದು ಬಟ್ಟೆ ಸರಿಸಿ ಮೈಮೇಲಿನ ಬಾಸುಂಡೆ ತೋರಿಸಿದಳು. ಎಲ್ಲ ಕಡೆಗೂ ಹೋಗಿಬಂದಿದ್ದೇನೆ, ಯಾರೂ ನೆರವಾಗುತ್ತಿಲ್ಲ ಎಂಬುದು ಅವಳ ಅಳಲಾಗಿತ್ತು. ಆ ರಾತ್ರಿ ಅವಳನ್ನು ಹಿಂದಕ್ಕೆ ಕಳಿಸುವುದು ಸಾಧ್ಯವಿರಲಿಲ್ಲ. ಹೀಗೆ ಹಗಲಿನ ಮನೆ ರಾತ್ರಿಯ ಮನೆಯಾಯಿತು.

ಎಲ್ಲ ಕಡೆಗೂ ಹೋಗಿಬಂದಿದ್ದೇನೆ ಎಂದರೆ ಎಲ್ಲೆಲ್ಲಿಗೆ? ಪೋಲೀಸರ ಬಳಿಗೆ ಹೋದರೆ ಇದು ಮನೆಯೊಳಗಿನ ವ್ಯವಹಾರ ಎಂದು ಹಿಂದಿರುಗಿಸುತ್ತಿದ್ದರು. ವೈದ್ಯರ ಬಳಿಗೆ ಹೋದರೆ ನಿದ್ರೆಯ ಗುಳಿಗೆ. ಪುರಸಭೆಗೆ ಹೋಗಿ ಮನೆ ಕೇಳಿದರೆ, ನಿಮಗೆ ಮನೆ ಇದೆಯಲ್ಲ ಎಂಬ ಉತ್ತರ. ಕಲ್ಯಾಣರಾಜ್ಯವೆಂದು ಜಗತ್ತೇ ಹೊಗಳುತ್ತಿದ್ದ ನಾಡು ಅದು. ಹುಟ್ಟಿದ ಕೂಸಿನಿಂದ ಮುದಿ ವಯಸ್ಸಿನ ತನಕ ಪ್ರತಿಯೊಂದಕ್ಕೂ ಅಲ್ಲಿ ಒಂದು ಕಚೇರಿಯಿತ್ತು. ಗಂಡನಿಂದ ಓಡಿಬಂದ ಹೆಂಗಸಿಗೆ ಮಾತ್ರ ಕಚೇರಿಯಿರಲಿಲ್ಲ. ಏಕೆಂದರೆ ಅಂಥ ಹೆಂಗಸು ಇರುವಳೆಂದೇ ಯಾವ ಕಾಗದವೂ ಒಪ್ಪಿಕೊಂಡಿರಲಿಲ್ಲ.

ಬಾಯಿಂದ ಬಾಯಿಗೆ ಸುದ್ದಿ ಹರಡಿತು. ನಾಲ್ಕು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತಾಯಂದಿರು, ಮಕ್ಕಳು. ನೆಲದ ತುಂಬ ಹಾಸಿಗೆ. ಮುಂದೆ ಚಿಸ್‌ವಿಕ್ಕಿನ ಹೆದ್ದಾರಿಯ ಮೇಲಿನ ದೊಡ್ಡ ಮನೆಯೊಂದಕ್ಕೆ ವಸತಿ ಬದಲಾಯಿತು. ಆದರೆ ಅದೂ ತುಂಬಿತು. ಆ ಮನೆಗೆ ಇದ್ದದ್ದು ಒಂದೇ ನಿಯಮವೆನ್ನಬೇಕು: ಬಂದವರನ್ನು ಹಿಂದಕ್ಕೆ ಕಳಿಸುವುದಿಲ್ಲ. ಹೊಡೆತಕ್ಕೆ ಸಾಕ್ಷಿ ಕೇಳುವುದಿಲ್ಲ, ಮದುವೆಯ ಪತ್ರ ಕೇಳುವುದಿಲ್ಲ, ನಿನ್ನ ತಪ್ಪೇನು ಎಂದು ಕೇಳುವುದಿಲ್ಲ. ನಮ್ಮ ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ; ಆದರೆ ಈ ನಿಯಮ ಅವಳಿಗೂ ಗೊತ್ತಿತ್ತು. ವ್ಯತ್ಯಾಸವಿದ್ದದ್ದು ಬೆಳಗ್ಗೆ ಏನಾಗುತ್ತಿತ್ತೆಂಬುದರಲ್ಲಿ. ಬೆಲ್ಮಾಂಟ್ ಟೆರೇಸಿನ ಮನೆಗೆ ಜಗಲಿಯ ಹಿರಿಯರಿರಲಿಲ್ಲ. ಬೆಳಗಾದ ಮೇಲೂ ಆ ಹೆಂಗಸರು ಅಲ್ಲಿಯೇ ಇದ್ದರು, ಒಬ್ಬರ ಕಥೆಯನ್ನು ಒಬ್ಬರು ಕೇಳಿಸಿಕೊಂಡರು. ನನ್ನೊಬ್ಬಳ ಹಣೆಬರಹ ಎಂದುಕೊಂಡು ಬಂದವಳಿಗೆ, ಬೇರೆ ಊರಿನಿಂದ ಬಂದ ಬೇರೊಬ್ಬಳು ಅದೇ ಮಾತುಗಳಲ್ಲಿ ಅದೇ ಕಥೆಯನ್ನು ಹೇಳುವುದು ಕೇಳಿಸಿತು. ಸಾಂತ್ವನಕ್ಕಿಂತ ಇದು ದೊಡ್ಡದೆಂದು ನನಗೆ ತೋರುತ್ತದೆ.

1974ರಲ್ಲಿ ಪಿಝೀಯ ಪುಸ್ತಕ ಬಂತು. ಅದರ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಮೆಲ್ಲಗೆ ಚೀರು, ಇಲ್ಲವೆ ನೆರೆಯವರಿಗೆ ಕೇಳೀತು’. ನಮ್ಮ ಗಾದೆಗೂ ಆ ಹೆಸರಿಗೂ ಎಷ್ಟೊಂದು ನಂಟು! ಪಿಝೀಯ ವಿಚಾರದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆಕೆ ಎಲ್ಲರೊಡನೆ ಕೂಡಿ ನಡೆಯುವ ಸ್ವಭಾವದವಳಲ್ಲ. ಉಳಿದ ಊರುಗಳ ಇಂಥ ಮನೆಗಳು ಒಂದು ಒಕ್ಕೂಟವಾಗಿ ಸೇರಿದಾಗ ಚಿಸ್‌ವಿಕ್ ಹೊರಗೆ ಉಳಿಯಿತು. ಕೆಲವು ಹೆಂಗಸರು ತಾವೇ ಹಿಂಸೆಯತ್ತ ಸೆಳೆಯಲ್ಪಡುತ್ತಾರೆಂಬಂಥ ಆಕೆಯ ಮುಂದಿನ ಬರಹಗಳು ಜೊತೆಯವರನ್ನು ದೂರ ಮಾಡಿದುವು. ಅವನ್ನು ನಾನೂ ಒಪ್ಪಲಾರೆ. ಆದರೆ ಬಾಗಿಲು ತೆರೆದವಳು ಆಕೆ ಎಂಬುದನ್ನು ಅಳಿಸಲು ಆಕೆಯ ಎದುರಾಳಿಗಳಿಗೂ ಆಗಿಲ್ಲ.

ಈಗ ಆ ಮನೆಯ ಮೇಲೆ ಬಂದ ಒಂದು ಮೊಕದ್ದಮೆಯ ಕಥೆ ಹೇಳಬೇಕು. ದೊಡ್ಡ ಮನೆಯಲ್ಲಿ 36 ಜನಕ್ಕಿಂತ ಹೆಚ್ಚು ಇರಕೂಡದೆಂದು ಪುರಸಭೆ ಆದೇಶ ಮಾಡಿತ್ತು. ತಪಾಸಣೆಗೆ ಬಂದಾಗ ಎಣಿಸಿದರೆ 75. ಆರೋಗ್ಯ ಮತ್ತು ಬೆಂಕಿಯ ಭಯದಿಂದ ಮಾಡಿದ ಆದೇಶ. ಅದನ್ನು ಬರಿಯ ಕ್ರೌರ್ಯವೆನ್ನಲಾಗದು. ಆದರೆ 37ನೆಯವಳನ್ನು ಹಿಂದಕ್ಕೆ ಕಳಿಸುವುದು ಹೇಗೆ? ಪಿಝೀಯ ಪರವಾದ ವಾದ ಸೊಗಸಾಗಿತ್ತು. ಹಲವು ಸಂಸಾರಗಳು ಹಂಚಿಕೊಂಡಿರುವ ಮನೆಗೆ ಈ ನಿಯಮ ಅನ್ವಯಿಸುತ್ತದೆ. ಇಲ್ಲಿರುವುದಾದರೋ ಒಂದೇ ಸಂಸಾರ, ಎಲ್ಲರಿಗೂ ಒಂದೇ ಅಡುಗೆ, ಒಂದೇ ಬಾಳು ಎಂದು ವಾದಿಸಿದರು. ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಇಷ್ಟು ಜನ, ದಿನದಿನಕ್ಕೆ ಬದಲಾಗುವವರು, ಸ್ವಲ್ಪ ಕಾಲದ ತಂಗುವಿಕೆಗಾಗಿ ಬಂದವರು ಒಂದು ಸಂಸಾರವಾಗಲಾರರು ಎಂದಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಹೆಂಡತಿಯ ಹಲ್ಲು ಮುರಿದ ಮನೆ ಸಂಸಾರವೆನಿಸಿಕೊಂಡಿತು; ಮುರಿದ ಹಲ್ಲಿಗೆ ಔಷಧ ಹಚ್ಚಿದ ಮನೆ ಎನಿಸಿಕೊಳ್ಳಲಿಲ್ಲ.

ಇಷ್ಟರಲ್ಲಿ ಬೇರೆ ನಾಡುಗಳಲ್ಲಿಯೂ ಬಾಗಿಲುಗಳು ತೆರೆಯತೊಡಗಿದ್ದುವು. 1974ರ ಒಂದೇ ವರ್ಷದಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ, ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ, ಸಿಡ್ನಿಯಲ್ಲಿ ಇಂಥ ಮನೆಗಳು ಹುಟ್ಟಿದುವು. ಸಿಡ್ನಿಯದು ಸ್ವಾರಸ್ಯದ ಕಥೆ. ಅಲ್ಲಿನ ಗ್ಲೀಬ್ ಎಂಬ ಬಡಾವಣೆಯಲ್ಲಿ ಚರ್ಚಿಗೆ ಸೇರಿದ ಎರಡು ಖಾಲಿ ಮನೆಗಳಿದ್ದುವು. ಆ್ಯನ್ ಸಮ್ಮರ್ಸ್ ಮತ್ತು ಸಂಗಡಿಗರು ಮಾರ್ಚಿಯ ಒಂದು ದಿನ ಒಳನುಗ್ಗಿ, ಬೀಗ ಬದಲಿಸಿ, ಇದು ಇನ್ನು ಹೆಂಗಸರ ಆಶ್ರಯ ಎಂದರು. ಒಂದು ಮನೆಯ ಮುಂದೆ ಹಳೆಯ ಫಲಕದ ಮೇಲೆ ‘ಎಲ್ಸೀ’ ಎಂಬ ಹೆಸರಿತ್ತು. ಅದೇ ಆ ಆಶ್ರಯಧಾಮದ ಹೆಸರಾಗಿ ಉಳಿಯಿತು. ಅನೇಕ ಕಡೆ ಇಂಥ ಮನೆಗಳ ವಿಳಾಸವನ್ನು ಗುಟ್ಟಾಗಿಡುವ ಪದ್ಧತಿಯೂ ಬಂತು, ಗಂಡ ಹುಡುಕಿಕೊಂಡು ಬಂದಾನೆಂಬ ಭಯದಿಂದ. ತಪ್ಪು ಮಾಡಿದವನು ಹಗಲಲ್ಲಿ ತಲೆಯೆತ್ತಿ ತಿರುಗುತ್ತಾನೆ. ತಪ್ಪು ಮಾಡದವಳು ಅಜ್ಞಾತವಾಸ ಮಾಡುತ್ತಾಳೆ. ಪಾಂಡವರ ಅಜ್ಞಾತವಾಸಕ್ಕಾದರೂ ಒಂದು ವರ್ಷದ ಗಡುವಿತ್ತು.

ಪ್ರಶ್ನೆ ತಿರುಗಿದ್ದು ಇಲ್ಲಿ. ಮನೆ ಬಿಟ್ಟು ಬಂದವಳಿಗೆ ಜಾಗ ಕೊಡುವುದು ಪುಣ್ಯದ ಕೆಲಸ. ಆದರೆ ಅವಳು ಏಕೆ ಬಿಟ್ಟು ಬರಬೇಕು? ಪಾರ್ಲಿಮೆಂಟಿನ ಸಮಿತಿಯೊಂದು 1975ರಲ್ಲಿ ವರದಿ ಕೊಟ್ಟು, ಪ್ರತಿ 10,000 ಜನಸಂಖ್ಯೆಗೆ ಒಂದು ಕುಟುಂಬ ತಂಗುವಷ್ಟು ಆಶ್ರಯವಾದರೂ ಇರಬೇಕೆಂದು ಹೇಳಿತು. ಮರುವರ್ಷ ಜೋ ರಿಚರ್ಡ್‌ಸನ್ ಎಂಬ ಸದಸ್ಯೆ ಖಾಸಗಿಯಾಗಿ ಮಂಡಿಸಿದ ಮಸೂದೆ ಕಾನೂನಾಯಿತು. ಹೊಡೆದ ಗಂಡನನ್ನು ಮನೆಯಿಂದ ಹೊರಗಿರು ಎಂದು ಆಜ್ಞಾಪಿಸುವ ಅಧಿಕಾರ ಕೆಳಗಿನ ನ್ಯಾಯಾಲಯಕ್ಕೂ ಬಂತು. ಮದುವೆಯಿಲ್ಲದೆ ಗಂಡಹೆಂಡಿರಂತೆ ಬಾಳುವವರಿಗೂ ಅದು ಅನ್ವಯಿಸಿತು. ಇನ್ನೊಂದು ಕಾನೂನು 1977ರದು. ಮನೆಯಿದ್ದೂ ಅಲ್ಲಿಗೆ ಕಾಲಿಟ್ಟರೆ ಹಿಂಸೆ ತಪ್ಪದೆಂಬಂಥವರನ್ನು ನಿರಾಶ್ರಿತರೆಂದೇ ಎಣಿಸಬೇಕೆಂದು ಅದು ವಿಧಿಸಿತು. ನಿರಾಶ್ರಿತೆ ಎಂಬ ಶಬ್ದದ ಅರ್ಥವನ್ನೇ ಬದಲಿಸಿದ ಈ ವಾಕ್ಯವನ್ನು ಓದಿದಾಗಲೆಲ್ಲ, ಶಾಸನ ಬರೆಯುವವರೂ ಒಮ್ಮೊಮ್ಮೆ ಕವಿಗಳಷ್ಟೇ ನಿಖರವಾಗಿ ಬರೆಯಬಲ್ಲರೆಂದು ನನಗನ್ನಿಸುತ್ತದೆ.

ಬರೆದ ಮಾತ್ರಕ್ಕೆ ಆಗಲಿಲ್ಲ. 1977ರ ಸೆಪ್ಟೆಂಬರಿನಲ್ಲಿ ಒಬ್ಬ ತರುಣ ತಾಯಿ ತನ್ನ ಪುಟ್ಟ ಮಗಳನ್ನೆತ್ತಿಕೊಂಡು ಚಿಸ್‌ವಿಕ್ಕಿನ ಆ ಕಿಕ್ಕಿರಿದ ಮನೆಗೇ ಓಡಿಬಂದಳು. ಪುರಸಭೆಯ ಮನೆಯೊಂದನ್ನು ಅವಳೂ ಅವಳ ಸಂಗಾತಿಯೂ ಜಂಟಿಯಾಗಿ ಬಾಡಿಗೆಗೆ ಪಡೆದಿದ್ದರು, ಮದುವೆಯಾಗಿರಲಿಲ್ಲ. ಹೊಸ ಕಾನೂನಿನಂತೆ ನ್ಯಾಯಾಧೀಶರು ಅವನನ್ನು ಹೊರಗೆ ಕಳಿಸಿದರು. ಅವಳು ಮನೆಗೆ ಮರಳಿದಳು. ಕೆಲವೇ ದಿನಗಳಲ್ಲಿ ಬೇರೊಬ್ಬ ನ್ಯಾಯಾಧೀಶರು ಆಜ್ಞೆಯನ್ನು ರದ್ದುಮಾಡಬೇಕಾಯಿತು. ಮನೆಯಲ್ಲಿ ಪಾಲಿರುವವನನ್ನು ಹೊರಗೆ ಹಾಕಲು ಈ ಕಾನೂನಿಗೆ ಬಲವಿಲ್ಲವೆಂದು ಮೇಲಿನ ನ್ಯಾಯಾಲಯ ಆಗಲೇ ಬೇರೆ ಮೊಕದ್ದಮೆಗಳಲ್ಲಿ ಹೇಳಿಬಿಟ್ಟಿತ್ತು. ಅವನು ಒಳಬಂದ, ಅವಳು ಮತ್ತೆ ಚಿಸ್‌ವಿಕ್ಕಿಗೆ. ಲಾರ್ಡ್ ಡೆನ್ನಿಂಗರ ಪೀಠದಲ್ಲಿ ಐವರು ಕೂತು, ಮೂವರು ಅವಳ ಕಡೆ, ಇಬ್ಬರು ಎದುರು. ಕೊನೆಗೆ 1978ರ ಮಾರ್ಚಿಯಲ್ಲಿ ಹೌಸ್ ಆಫ್ ಲಾರ್ಡ್ಸ್ ಅವಳ ಪಕ್ಷವನ್ನೇ ಎತ್ತಿ ಹಿಡಿಯಿತು. ಹಿಂದಿನ ತೀರ್ಪುಗಳನ್ನು ಮೀರಿದ್ದಕ್ಕೆ ಡೆನ್ನಿಂಗರಿಗೆ ಲಾರ್ಡರು ಬುದ್ಧಿವಾದವನ್ನೂ ಹೇಳಿದರು. ಕಾನೂನಿನ ವಿದ್ಯಾರ್ಥಿಗಳು ಇಂದು ಈ ಮೊಕದ್ದಮೆಯನ್ನು ಓದುವುದು ಹೆಚ್ಚಾಗಿ ಆ ಬುದ್ಧಿವಾದಕ್ಕಾಗಿ. ಆಸ್ತಿಯ ಹಕ್ಕು ದೊಡ್ಡದೆ, ಮೈಮೇಲೆ ಏಟು ಬೀಳದಿರುವ ಹಕ್ಕು ದೊಡ್ಡದೆ ಎಂಬುದೇ ಅಲ್ಲಿ ನಡೆದ ನಿಜವಾದ ವಾದ.

ತಡೆಗಟ್ಟುವ ವಿಚಾರಕ್ಕೂ ಒಂದು ಮಾತು. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಡುಲೂತ್ ಎಂಬ ಪಟ್ಟಣದಲ್ಲಿ 1981ರಲ್ಲಿ ಎಲೆನ್ ಪೆನ್ಸ್ ಮತ್ತು ಜೊತೆಯವರು ಪೋಲೀಸು, ನ್ಯಾಯಾಲಯ, ಸೆರೆಮನೆ, ಆಶ್ರಯಧಾಮ ಎಲ್ಲವೂ ಒಂದೇ ಕ್ರಮದಲ್ಲಿ ನಡೆಯುವಂತೆ ಒಪ್ಪಂದ ಮಾಡಿಸಿದರು. ದೂರು ಬಂದಲ್ಲಿ ಪೋಲೀಸರು ರಾಜಿ ಮಾಡಿಸಿ ಬರಕೂಡದು, ಹೊಡೆದವನನ್ನು ಹಿಡಿಯಬೇಕು. ನ್ಯಾಯಾಲಯ ಅವನನ್ನು ಗಂಡಸರ ಪಾಠದ ಗುಂಪಿಗೆ ಕಳಿಸಬೇಕು. ಆ ಪಾಠದಿಂದ ಎಷ್ಟು ಗಂಡಸರು ತಿದ್ದಿಕೊಂಡರೆಂಬ ವಾದ ಇನ್ನೂ ನಡೆದಿದೆ. ನಾನು ಅದಕ್ಕೆ ಹೆಚ್ಚು ಬೆಲೆ ಕಟ್ಟುವುದಿಲ್ಲ. ಆದರೆ ಬದಲಾಗಬೇಕಾದವನು ಅವನು ಎಂದು ಒಂದು ಊರು ಊರಾಗಿ ಹೇಳಿದ್ದಕ್ಕೆ ಬೆಲೆ ಕಟ್ಟುತ್ತೇನೆ.

ನಮ್ಮಲ್ಲಿಗೆ ಮರಳೋಣ. ಬೆಂಗಳೂರಿನಲ್ಲಿ ‘ವಿಮೋಚನಾ’ ಹುಟ್ಟಿದ್ದು 1979ರಲ್ಲಿ. ದೆಹಲಿಯಲ್ಲಿ ವರದಕ್ಷಿಣೆಗಾಗಿ ಮಗಳನ್ನು ಕಳೆದುಕೊಂಡ ಸತ್ಯರಾಣಿ ಛಡ್ಡಾ ಮತ್ತು ಅದೇ ದುಃಖ ಕಂಡ ಶಾಹಜಹಾನ್ ಆಪಾ 1987ರಲ್ಲಿ ‘ಶಕ್ತಿ ಶಾಲಿನಿ’ಯನ್ನು ಕಟ್ಟಿ ಆಶ್ರಯದ ಮನೆ ನಡೆಸಿದರು. ಸತ್ತ ಮಗಳಿಗೆ ನ್ಯಾಯ ಕೇಳುವುದರ ಜೊತೆಗೆ ಬದುಕಿರುವ ಮಗಳಿಗೆ ಸೂರು ಕೊಡಬೇಕೆಂದು ಹೊಳೆದದ್ದು ಆ ತಾಯಂದಿರಿಗೆ. ಗಂಡನ ಮತ್ತು ಅವನ ಬಂಧುಗಳ ಕ್ರೌರ್ಯ 1983ರಲ್ಲಿ ದಂಡಸಂಹಿತೆಯ ಅಪರಾಧವಾಯಿತು. ಆದರೆ ಕಾಬ್ ಕಂಡಿದ್ದ ತೊಡಕೇ ಇಲ್ಲಿಯೂ: ಗಂಡ ಸೆರೆಗೆ ಹೋಗುವುದು ಬೇಡ, ಹೊಡೆಯದಿದ್ದರೆ ಸಾಕು, ಇರಲು ಜಾಗ ಬೇಕು ಎನ್ನುವವಳಿಗೆ ಅದರಲ್ಲಿ ಉತ್ತರವಿರಲಿಲ್ಲ. ಉತ್ತರ ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾನೂನಿನಲ್ಲಿ. ಜಾರಿಯಾದದ್ದು 2006ರ ಅಕ್ಟೋಬರಿನಲ್ಲಿ. ಅದರ 17ನೆಯ ಕಲಮು, ಹೆಸರಿನಲ್ಲಿ ಆಸ್ತಿ ಇರಲಿ ಬಿಡಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಹೆಂಗಸಿಗೆ ಕೊಟ್ಟಿತು. 19ನೆಯದು ಹೊಡೆದವನನ್ನೇ ಹೊರಗಿರುವಂತೆ ಆಜ್ಞಾಪಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ನಮ್ಮ ಜಗಲಿಯ ಮೇಲೆ ಯಾರೂ ಆಡದ ಮಾತು ಕೊನೆಗೂ ಶಾಸನದ ಬಾಯಿಂದ ಬಂತು.

ಕಾನೂನು ಜಾರಿಯಾಗಿ ಎರಡು ತಿಂಗಳು ಕಳೆಯುವುದರೊಳಗೆ, ಅದೇ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ಸೊಸೆಗೆ ಈ ಹಕ್ಕಿಲ್ಲವೆಂದರು. ಮನೆ ಗಂಡನದಾಗಿರಬೇಕು, ಅವನು ಬಾಡಿಗೆಗೆ ಪಡೆದದ್ದಾಗಿರಬೇಕು, ಇಲ್ಲವೆ ಅವನು ಸದಸ್ಯನಾಗಿರುವ ಅವಿಭಕ್ತ ಕುಟುಂಬದ್ದಾಗಿರಬೇಕು. ನಮ್ಮ ಮನೆಗಳು ಯಾರ ಹೆಸರಿನಲ್ಲಿರುತ್ತವೆಂಬುದನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾದ್ದಿಲ್ಲ. ಇಂಗ್ಲೆಂಡಿನ ತಾಯಿಗೆ ತಿಂಗಳುಗಳಲ್ಲಿ ಸಿಕ್ಕ ಉತ್ತರಕ್ಕೆ ನಮ್ಮವರು ಹದಿನಾಲ್ಕು ವರ್ಷ ಕಾದರು. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಹಿಂದಿನ ತೀರ್ಪು ಸರಿಯಲ್ಲವೆಂದು ಹೇಳಿ, ಬಂಧುಗಳ ಹೆಸರಿನಲ್ಲಿರುವ ಮನೆಯೂ ಅವಳು ನೆಲೆಯಾಗಿ ಬಾಳಿದ ಮನೆಯಾಗಿದ್ದರೆ ಈ ಹಕ್ಕಿಗೆ ಒಳಪಡುತ್ತದೆಂದಿತು. ಮುದಿ ಅತ್ತೆಮಾವಂದಿರ ನೆಮ್ಮದಿಯನ್ನೂ ತೂಗಿ ನೋಡಬೇಕೆಂದು ಸೇರಿಸಿತು, ಅದು ನ್ಯಾಯವೇ. ಆ ವರ್ಷ ಮಹಾಮಾರಿಯ ದೆಸೆಯಿಂದ ಮನೆಯೊಳಗೇ ಇರಿ, ಮನೆಯೇ ಕ್ಷೇಮ ಎಂದು ನಾಡಿಗೆ ನಾಡೇ ಕೂಗಿ ಹೇಳುತ್ತಿತ್ತೆಂಬುದನ್ನೂ ನೆನೆಯಬಹುದು.

ಅದೇ ಸುಮಾರಿಗೆ, 2019ರಿಂದ 21ರ ತನಕ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನ ಹಿಂಸೆ ಕಂಡವರು ಇಡೀ ದೇಶದಲ್ಲಿ ಶೇಕಡ 29.3, ಕರ್ನಾಟಕದಲ್ಲಿ ಶೇಕಡ 44.4. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು 20.6 ಇತ್ತು. ಇಮ್ಮಡಿಸಿದ್ದು ಹಿಂಸೆಯೊ, ಹೇಳುವ ಧೈರ್ಯವೊ ಎಂಬುದನ್ನು ಅಂಕಿಯೊಂದೇ ಹೇಳಲಾರದು. ದೇಶದಲ್ಲಿ ಹಿಂಸೆ ಕಂಡವರಲ್ಲಿ ನೂರಕ್ಕೆ 77 ಮಂದಿ ನೆರವು ಕೇಳಿದ್ದೂ ಇಲ್ಲ, ಯಾರೊಡನೆಯೂ ಬಾಯಿಬಿಟ್ಟದ್ದೂ ಇಲ್ಲ.

ಬಾಯಿಬಿಟ್ಟವಳಿಗೆ ಇಂದು ಏನಿದೆ? ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಾಮಾನ್ಯವಾಗಿ ಈ ಕಾನೂನಿನ ರಕ್ಷಣಾಧಿಕಾರಿಗಳು. ಅಂಗನವಾಡಿಯ ಅಕ್ಕಿ ಬೇಳೆಯ ಲೆಕ್ಕದ ನಡುವೆ ಈ ಅರ್ಜಿಗಳನ್ನೂ ಅವರೇ ನೋಡಬೇಕು. 181 ಎಂಬ ದೂರವಾಣಿ ಸಂಖ್ಯೆಯಿದೆ. ‘ಸಾಂತ್ವನ’ ಕೇಂದ್ರಗಳು, 2015ರಿಂದ ಬಂದ ‘ಸಖಿ’ ಕೇಂದ್ರಗಳು ಇವೆ. ‘ಸಖಿ’ಯಲ್ಲಿ ಒಬ್ಬ ಹೆಂಗಸು ಐದು ದಿನದ ತನಕ ತಂಗಬಹುದು. ಮ್ಯಾಜಿಸ್ಟ್ರೇಟರು ಅರ್ಜಿಯನ್ನು ಅರವತ್ತು ದಿನದೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಐದಕ್ಕೂ ಅರವತ್ತಕ್ಕೂ ನಡುವಿನ ದಿನಗಳನ್ನು ಕಳೆಯಲು ಸರ್ಕಾರದ ದೀರ್ಘಾವಧಿಯ ವಸತಿಗೃಹವೊಂದು ಸಮೀಪದಲ್ಲಿದ್ದರೆ ಅದೃಷ್ಟ. ಇಲ್ಲದಿದ್ದರೆ ತವರು. ತವರೂ ಇಲ್ಲದಿದ್ದರೆ ಯಾರದಾದರೂ ಹಿತ್ತಲ ಬಾಗಿಲು.

ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಅಗುಳಿಯಿತ್ತು. ಅಜ್ಜಿ ಅದನ್ನು ಹಾಕುತ್ತಿರಲಿಲ್ಲ. ಕಳ್ಳರು ಬಂದಾರು ಎಂದು ತಾತ ಗೊಣಗುತ್ತಿದ್ದರು. ಆ ಹೆಂಗಸು ಒಂದು ಸಲ, ಜಗಲಿಯ ಮಾತು ಮುಗಿದು ಹೊರಡುವಾಗ, ತಾನು ಮಲಗಿದ್ದ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿ, ಇದು ಇಲ್ಲೇ ಇರಲಿ ಅಮ್ಮ ಎಂದಳು. ಅಜ್ಜಿ ಅದನ್ನು ಅಟ್ಟಕ್ಕೆ ಹಾಕಲಿಲ್ಲ.